ಪಂಜರದ ಗಿಳಿಯೂ ಕಾಯ್ದೆಯ ಕಣ್ಣೂ

ಪಡಸಾಲೆಯ ತೊಲೆಗೆ ತೂಗುಹಾಕಿದ ತಂತಿಯ ಪಂಜರ, ಅದರೊಳಗೊಂದು ಗಿಳಿ, ಅದರ ಮುಂದೆ ನೆನೆಸಿದ ಕಡಲೆ, ಹಸಿಮೆಣಸಿನಕಾಯಿ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಇದನ್ನು ತಪ್ಪೆಂದು ಬಗೆದವರು ಕಡಿಮೆ. ಜಾತ್ರೆಗಳಲ್ಲಿ ಗಿಳಿಶಾಸ್ತ್ರದವರ ಗಿಳಿ ಪಂಜರದಿಂದ ಹೊರಬಂದು ಚೀಟಿ ಎತ್ತಿ ಭವಿಷ್ಯ ತೋರಿಸುತ್ತಿತ್ತು. ಆದರೆ ಕಾಯ್ದೆಯ ಕಣ್ಣಿನಲ್ಲಿ ಈ ಗಿಳಿ ಸರ್ಕಾರದ ಸ್ವತ್ತು.

ಕಾಡುಪ್ರಾಣಿಯನ್ನು ಪಳಗಿಸಿ ಸಾಕುವ ಚಾಳಿ ಮೊದಲು ಅರಮನೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ 'ಮಾನಸೋಲ್ಲಾಸ'ದಲ್ಲೇ ಸಿವಂಗಿಯನ್ನು ಬಿಟ್ಟು ಜಿಂಕೆ ಬೇಟೆಯಾಡುವ ಪ್ರಸ್ತಾಪವಿದೆ. ಹುಕ್ಕೇರಿಗೆ ಹತ್ತಿರದ ಕೊಲ್ಲಾಪುರ ಸಂಸ್ಥಾನದಲ್ಲಿ ಇಪ್ಪತ್ತನೆಯ ಶತಮಾನದಲ್ಲೂ ಸಿವಂಗಿಗಳಿದ್ದವು. ದೇಶದಲ್ಲಿ ಅವು ಅಪರೂಪವಾದಾಗ ಆಫ್ರಿಕದಿಂದ ತರಿಸಿಕೊಳ್ಳುತ್ತಿದ್ದರು. ಕೇಳುವವರು ಯಾರು?

ಬ್ರಿಟಿಷರ 1887ರ ಕಾಯ್ದೆ ಮೊದಲ ಬಾರಿಗೆ ಊರಿನ ಆಡಳಿತಕ್ಕೆ ಈ ವಿಷಯದಲ್ಲಿ ಮಾತು ಕೊಟ್ಟಿತು. ಮರಿಮಾಡುವ ಕಾಲದಲ್ಲಿ ಹೊಸದಾಗಿ ಕೊಂದ ಅಥವಾ ಹಿಡಿದ ಕಾಡುಹಕ್ಕಿಗಳನ್ನು ಇಟ್ಟುಕೊಳ್ಳದಂತೆ, ಮಾರದಂತೆ ಪುರಸಭೆ ಮತ್ತು ದಂಡುಪ್ರದೇಶಗಳು ನಿಯಮ ಮಾಡಬಹುದಿತ್ತು. ಆ ತಿಂಗಳುಗಳು ಕಳೆದರೆ ಹಕ್ಕಿಯ ಪಾಡು ಹಕ್ಕಿಗೆ! 1912ರಲ್ಲಿ ಇನ್ನೊಂದು ಕೇಂದ್ರ ಕಾಯ್ದೆ ಬಂತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗಕ್ಕೆ 1951ರಲ್ಲಿ ಮುಂಬಯಿಯ ಕಾನೂನು, ಏಕೀಕರಣದ ನಂತರ 1963ರಲ್ಲಿ ಮೈಸೂರಿನ ಕಾನೂನು ಬಂದವು. ಇವುಗಳ ಗಮನವೆಲ್ಲ ಬಹುಮಟ್ಟಿಗೆ ಬೇಟೆಗಾರನ ಮೇಲೆ.

ಲೆಕ್ಕ ಬದಲಾದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ. ಇದರ ಪ್ರಕಾರ ಕೊಲ್ಲುವುದಷ್ಟೇ ಅಲ್ಲ, ಬಲೆ ಹಾಕಿ ಹಿಡಿಯುವುದೂ ಬೇಟೆಯೇ. ಅಧಿಕಾರ ಪುರಸಭೆಯ ಕೈಯಿಂದ ಮುಖ್ಯ ವನ್ಯಜೀವಿ ಪರಿಪಾಲಕರ ಕೈಗೆ ಹೋಯಿತು. ಎರಡು ವರ್ಷಕ್ಕೆ, 1974ರಲ್ಲಿ, ಧೂಪದಾಳದ ಒಡ್ಡಿನ ಸುತ್ತ ಘಟಪ್ರಭಾ ಪಕ್ಷಿಧಾಮವೂ ಘೋಷಣೆಯಾಯಿತು. 1990-91ರ ಹೊತ್ತಿಗೆ ನಾಡಿನ ಕಾಡುಹಕ್ಕಿಗಳ ವ್ಯಾಪಾರ ನಿಂತಿತು, ಕಾಗದದ ಮೇಲಾದರೂ. 1998ರ ಅಧಿಸೂಚನೆ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಕುಣಿಸುವುದನ್ನೂ ನಿಷೇಧಿಸಿತು. ಕರಡಿ ಕುಣಿಸಿ ಹೊಟ್ಟೆ ಹೊರೆಯುತ್ತಿದ್ದ ಖಲಂದರರಿಗೆ ಬೇರೆ ಕಸುಬು ಹುಡುಕಬೇಕಾಯಿತು. ಅವರ ಕರಡಿಗಳಲ್ಲಿ ಎಷ್ಟೋ ಬನ್ನೇರುಘಟ್ಟದ ಆಶ್ರಯ ಸೇರಿದವು.

2022ರ ತಿದ್ದುಪಡಿ ಆರು ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಿತು. ಮೊದಲು ನಾಲ್ಕನೆಯದರಲ್ಲಿದ್ದ ನಮ್ಮ ಹಸಿರು ಗಿಳಿ ಈಗ ಎರಡನೆಯದರಲ್ಲಿದೆ. ನಾಲ್ಕನೆಯ ಅನುಸೂಚಿ ಅಂತರರಾಷ್ಟ್ರೀಯ ಒಪ್ಪಂದದಡಿ ಬರುವ ವಿದೇಶಿ ಜೀವಿಗಳಿಗೆ ಮೀಸಲಾಯಿತು. ಆಫ್ರಿಕದ ಬೂದುಗಿಳಿ, ಇಗುವಾನ ಮುಂತಾದವನ್ನು ಸಾಕಿದವರು 2024ರ ಫೆಬ್ರವರಿಯಲ್ಲಿ ಬಂದ ನಿಯಮದಂತೆ ಆರು ತಿಂಗಳೊಳಗೆ ನೋಂದಾಯಿಸಬೇಕಿತ್ತು. ಮರಿಯಾದರೂ ಸತ್ತರೂ ಕೈಬದಲಾದರೂ ತಿಳಿಸಬೇಕು. 'ಲವ್ ಬರ್ಡ್ಸ್' ಎಂದು ಸಂತೆಯಲ್ಲಿ ಮಾರುವ ಆಸ್ಟ್ರೇಲಿಯ ಮೂಲದ ಬಜರಿಗರ್ ಹಕ್ಕಿಗೆ ಈ ಕಟ್ಟಳೆ ಇಲ್ಲ.

ಹೊಲದ ಬೇವಿನ ಮರದ ಗಿಳಿಯನ್ನು ಮುಟ್ಟಕೂಡದು, ಸಮುದ್ರದಾಚೆಯ ಗಿಳಿಯನ್ನು ಕಾಗದಪತ್ರವಿದ್ದರೆ ಸಾಕಬಹುದು! ಇದು ಎಂಥ ನ್ಯಾಯವೆಂದು ರೈತ ಕೇಳಿದರೆ ತಪ್ಪಿಲ್ಲ. ಕಾರಣವಿಲ್ಲದಿಲ್ಲ: ಮಾರಾಟದ ಗಿಳಿಗಳು ಪೊಟರೆಯಿಂದ ಕಿತ್ತು ತಂದ ಮರಿಗಳು. ಪೇಟೆ ಮುಟ್ಟುವ ಮೊದಲೇ ಅವುಗಳಲ್ಲಿ ಬಹಳಷ್ಟು ಸಾಯುತ್ತವೆ. ಆದರೆ 2020ರಲ್ಲಿ ವಿದೇಶಿ ಜೀವಿಗಳನ್ನು ಸ್ವಯಂ ಘೋಷಿಸಿದವರಿಂದ ಮೂಲದ ದಾಖಲೆ ಕೇಳದೆ ಬಿಟ್ಟದ್ದು ಸಿರಿವಂತರ ಹವ್ಯಾಸಕ್ಕೆ ತೋರಿದ ಧಾರಾಳವೆಂದೇ ಹೇಳಬೇಕು.

ಕಾಯ್ದೆಗೆ ಹೆದರಿ ಪಂಜರದ ಬಾಗಿಲು ತೆಗೆದುಬಿಡುವವರೂ ಇದ್ದಾರೆ. ರೆಕ್ಕೆ ಕತ್ತರಿಸಿದ, ಮೇವು ಹುಡುಕಲು ಕಲಿಯದ ಗಿಳಿ ಸಂಜೆಯೊಳಗೆ ಬೆಕ್ಕಿನ ಪಾಲಾಗುತ್ತದೆ. ಅದನ್ನು ಹತ್ತಿರದ ಅರಣ್ಯ ಕಚೇರಿಗೆ ಒಪ್ಪಿಸಬೇಕು.