ಇಮ್ಲಾ: ಹೇಳಿ ಬರೆಸಿದವರ ಚರಿತ್ರೆ

ಬರೆಯುವವನ ಕೈ ಸೋತರೆ ಬರವಣಿಗೆ ಅಲ್ಲಿಗೇ ನಿಲ್ಲಬೇಕೇ? ವರ್ಷಗಟ್ಟಲೆ ಲೇಖನಿ ಹಿಡಿದವರಿಗೂ ಕೀಲಿಮಣೆ ಒತ್ತಿದವರಿಗೂ ಮಣಿಕಟ್ಟಿನ ನೋವು, ಹೆಬ್ಬೆರಳಿನ ಸೆಳೆತ ಈಗ ಅಪರೂಪವಲ್ಲ. ನಾನೂ ಒಂದು ವರ್ಷದಿಂದ ಆ ಸಾಲಿಗೆ ಸೇರಿದ್ದೇನೆ. ಬಲಗೈಗೆ ವಿಶ್ರಾಂತಿ ಕೊಡಬೇಕೆಂದು ವೈದ್ಯರು ಹೇಳಿದ ಮೇಲೆ, ಲೇಖನಗಳನ್ನು ಫೋನಿಗೆ ಬಾಯಲ್ಲಿ ಹೇಳಿ ಅಕ್ಷರ ಮಾಡಿಸಿಕೊಳ್ಳುತ್ತಿದ್ದೇನೆ. ಇದನ್ನು ಕೇಳಿದ ಹಿರಿಯ ಉಸ್ತಾದರೊಬ್ಬರು, "ಅದು ಮಾತಾಯಿತು ಮೌಲವಿ, ಬರಹ ಹೇಗಾದೀತು?" ಎಂದು ನಕ್ಕರು. ಪ್ರಶ್ನೆ ಹಗುರವಾದದ್ದಲ್ಲ. ಆದರೆ ನಮ್ಮ ಜ್ಞಾನಪರಂಪರೆ ಅದಕ್ಕೆ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ಆ ಉತ್ತರದ ಹೆಸರು ಇಮ್ಲಾ, ಅಂದರೆ ಹೇಳಿ ಬರೆಸುವುದು.

ಪವಿತ್ರ ಕುರ್‌ಆನ್ ಲಿಪಿಗೆ ಇಳಿದದ್ದೇ ಈ ದಾರಿಯಲ್ಲಿ. ಪ್ರವಾದಿ ಮುಹಮ್ಮದ್(ಸ)ರು ಅವತೀರ್ಣವಾದ ಸೂಕ್ತಗಳನ್ನು ಹೇಳುತ್ತಿದ್ದರು, ಲಿಪಿಕಾರರಾದ ಸಹಾಬಿಗಳು ಬರೆದುಕೊಳ್ಳುತ್ತಿದ್ದರು. ಅವರಲ್ಲಿ ಪ್ರಮುಖರಾದ ಝೈದ್ ಇಬ್ನ್ ಸಾಬಿತ್(ರ)ರ ಒಂದು ನೆನಪು ಸಹೀಹುಲ್ ಬುಖಾರಿಯಲ್ಲಿದೆ. ಅನ್ನಿಸಾ ಅಧ್ಯಾಯದ 95ನೆಯ ಸೂಕ್ತವನ್ನು ಪ್ರವಾದಿ(ಸ)ರು ಬರೆಸುತ್ತಿದ್ದರು. ಮನೆಯಲ್ಲಿ ಕುಳಿತವರೂ ಅಲ್ಲಾಹನ ಮಾರ್ಗದಲ್ಲಿ ಹೋರಾಡುವವರೂ ಸಮಾನರಲ್ಲ ಎಂಬುದು ಅದರ ಸಾರ. ಆಗ ಅಂಧರಾದ ಇಬ್ನ್ ಉಮ್ಮು ಮಕ್ತೂಮ್(ರ) ಅಲ್ಲಿಗೆ ಬಂದು, ಸಾಧ್ಯವಿದ್ದರೆ ನಾನೂ ಹೊರಡುತ್ತಿದ್ದೆನಲ್ಲಾ ಎಂದು ನಿವೇದಿಸಿಕೊಂಡರು. ಬರೆಸುವುದು ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲೇ ಮತ್ತೆ ವಹ್ಯ್ ಬಂತು. ಪ್ರವಾದಿ(ಸ)ರ ತೊಡೆ ತಮ್ಮ ತೊಡೆಯ ಮೇಲಿತ್ತು, ಅದು ಎಷ್ಟು ಭಾರವಾಯಿತೆಂದರೆ ತಮ್ಮ ತೊಡೆ ಮುರಿದೇ ಹೋಗುವುದೆಂದು ಭಯವಾಯಿತು ಎಂದು ಝೈದ್(ರ) ಹೇಳಿದ್ದಾರೆ. ದೈಹಿಕ ಅಡಚಣೆ ಉಳ್ಳವರ ಹೊರತು ಎಂಬ ವಿನಾಯಿತಿ ಆ ಸೂಕ್ತದೊಳಗೆ ಬಂದದ್ದು ಹೀಗೆ. ಈ ಪ್ರಸಂಗವನ್ನು ದರ್ಸ್‌ನಲ್ಲಿ ಎಷ್ಟೋ ಸಲ ಓದಿಸಿದ್ದೇನೆ. ಅದು ನಡೆದದ್ದು ಒಂದು ಇಮ್ಲಾದ ನಡುವೆ ಎಂಬುದು ಕೈ ನೋಯತೊಡಗಿದ ಮೇಲೆಯೇ ಮನಸ್ಸಿಗೆ ನಾಟಿತು.

ಅದೇ ಝೈದ್(ರ)ರಿಂದ ಇನ್ನೊಂದು ವರದಿಯನ್ನು ಇಮಾಮ್ ತಬ್ರಾನಿ ಉದ್ಧರಿಸಿದ್ದಾರೆ. ಬರೆದು ಮುಗಿಸಿದ ಮೇಲೆ ಅದನ್ನು ಓದಿ ತೋರಿಸುವಂತೆ ಪ್ರವಾದಿ(ಸ)ರು ಹೇಳುತ್ತಿದ್ದರು, ಏನಾದರೂ ಬಿಟ್ಟುಹೋಗಿದ್ದರೆ ಸರಿಪಡಿಸುತ್ತಿದ್ದರು. ಹೇಳುವುದು, ಬರೆಯುವುದು, ಓದಿ ತೋರಿಸುವುದು: ಈ ಮೂರೂ ಕೂಡಿದರೆ ಮಾತ್ರ ಇಮ್ಲಾ ಪೂರ್ಣವಾಗುತ್ತದೆ.

ಮುಂದೆ ಹದೀಸ್ ವಿದ್ವಾಂಸರ ಕಾಲದಲ್ಲಿ ಇದು ದೊಡ್ಡ ಸಭೆಗಳ ರೂಪ ಪಡೆಯಿತು. ಗುರುವಿನ ಧ್ವನಿ ದೂರದವರಿಗೆ ತಲುಪದಾದಾಗ ಅದನ್ನು ಗಟ್ಟಿಯಾಗಿ ಪುನರುಚ್ಚರಿಸಲು ಒಬ್ಬನನ್ನು ನೇಮಿಸುತ್ತಿದ್ದರು. ಅವನಿಗೆ ಮುಸ್ತಮ್ಲೀ ಎಂದು ಹೆಸರು. ಹಿಜರಿ 292ರಲ್ಲಿ ನಿಧನರಾದ ಅಬೂ ಮುಸ್ಲಿಮ್ ಅಲ್‌ಕಜ್ಜೀ ಬಗ್ದಾದಿನಲ್ಲಿ ಹದೀಸ್ ಬರೆಸಿದಾಗ ಏಳು ಮಂದಿ ಮುಸ್ತಮ್ಲೀಗಳು ಒಬ್ಬರಿಂದೊಬ್ಬರಿಗೆ ಮಾತನ್ನು ದಾಟಿಸಿದರಂತೆ. ಜನರು ನಿಂತೇ ಬರೆದುಕೊಂಡರು. ಬಳಿಕ ಮಸಿಕುಡಿಕೆಗಳನ್ನು ಎಣಿಸಿದಾಗ 40,000ಕ್ಕೂ ಮೇಲಿದ್ದವೆಂದು ಖತೀಬ್ ಬಗ್ದಾದಿಯವರ ಚರಿತ್ರೆ ಹೇಳುತ್ತದೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೂ ಅಂದಿನ ಬಗ್ದಾದಿನಲ್ಲಿ ಹೇಳಿ ಬರೆಸುವುದನ್ನು ಯಾರೂ ಕೀಳಾಗಿ ಕಾಣಲಿಲ್ಲ ಎಂಬುದಕ್ಕೆ ಇದು ಸಾಕು. ಹಿಜರಿ 562ರಲ್ಲಿ ನಿಧನರಾದ ಸಮ್‌ಆನೀ ಈ ಕಲೆಯ ಶಿಷ್ಟಾಚಾರಗಳ ಬಗ್ಗೆಯೇ ಒಂದು ಗ್ರಂಥ ರಚಿಸಿದರು.

ಆದರೆ ಷರತ್ತು ಕಠಿಣವಾಗಿತ್ತು. ಉರ್ವಾ ಇಬ್ನ್ ಝುಬೈರ್ ತಮ್ಮ ಮಗ ಹಿಶಾಮರನ್ನು, ಬರೆದುಕೊಂಡೆಯಾ ಎಂದು ಕೇಳಿದರಂತೆ. ಹೌದು ಎಂದಾಗ, ಮೂಲದೊಂದಿಗೆ ಹೋಲಿಸಿದೆಯಾ ಎಂದರು. ಇಲ್ಲ ಎಂದಾಗ, ಹಾಗಾದರೆ ನೀನು ಬರೆದೇ ಇಲ್ಲ ಎಂದುಬಿಟ್ಟರು.

ನನ್ನ ಫೋನಿಗೆ ಇಲ್ಲದಿರುವುದು ಈ ಗುಣವೇ. ಮುಸ್ತಮ್ಲೀ ಅರ್ಥವಾಗದಿದ್ದರೆ ತಿರುಗಿ ಕೇಳುತ್ತಿದ್ದ. ಯಂತ್ರ ಕೇಳುವುದಿಲ್ಲ, ತೋಚಿದ್ದನ್ನು ಬರೆದು ಸುಮ್ಮನಿರುತ್ತದೆ. 'ಸನದ್' ಎಂದರೆ 'ಸನತ್' ಎನ್ನುತ್ತದೆ, 'ಸರಖ್ಸೀ' ಎಂದರೆ 'ಸರಕು' ಎನ್ನುತ್ತದೆ. ಮಹಾಪ್ರಾಣಗಳ ಪಾಡಂತೂ ಹೇಳತೀರದು. ಒಂದು ಪುಟ ಹೇಳಲು ಹತ್ತು ನಿಮಿಷ ಸಾಕು, ಅದನ್ನು ಓದಿ ತಿದ್ದಲು ಅರ್ಧ ಗಂಟೆ ಬೇಕು. (ಗ್ರಾಂಥಿಕ ಕನ್ನಡವನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳುತ್ತಾ ಕುಳಿತರೆ ಮಕ್ಕಳು ನಗುವುದು ಬೇರೆ.) ಹಿರಿಯ ಉಸ್ತಾದರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಓದಿ ತಿದ್ದದೆ ಬಿಟ್ಟರೆ ಅದು ಮಾತು, ತಿದ್ದಿದರೆ ಬರಹ. ಕೈಯಿಂದ ಬರೆದದ್ದಕ್ಕೂ ಇದೇ ನಿಯಮ.

ಎಲ್ಲರ ನಷ್ಟವನ್ನೂ ಇಮ್ಲಾ ತುಂಬಿಕೊಡುತ್ತದೆ ಎಂದು ಹೇಳಲಾಗದು. ಅರಬಿ ಅಕ್ಷರಗಳಿಗೆ ಅಳತೆಯ ಶಾಸ್ತ್ರ ರೂಪಿಸಿದ ಇಬ್ನ್ ಮುಕ್ಲಾ ಮೂರು ಸಲ ಅಬ್ಬಾಸೀ ಖಲೀಫರ ವಝೀರರಾಗಿದ್ದವರು. ರಾಜಕೀಯ ವೈರದಲ್ಲಿ ಅವರ ಬಲಗೈಯನ್ನು ಕತ್ತರಿಸಲಾಯಿತು. ಕುರ್‌ಆನನ್ನು ನಕಲು ಮಾಡಿದ ಕೈಯನ್ನು ಕಳ್ಳರ ಕೈಯಂತೆ ಕಡಿದರಲ್ಲಾ ಎಂದು ಅವರು ಅತ್ತರಂತೆ. ಬಳಿಕ ಮುಂಗೈಗೆ ಲೇಖನಿ ಕಟ್ಟಿಕೊಂಡು ಬರೆದರು. ಕ್ರಿ.ಶ. 940ರಲ್ಲಿ ಸೆರೆಯಲ್ಲೇ ತೀರಿಕೊಂಡರು. ಲಿಪಿಯ ಚೆಲುವೇ ಕೃತಿಯಾಗಿರುವಾಗ ಬೇರೆಯವರಿಗೆ ಹೇಳಿ ಬರೆಸುವುದೆಂತು?

ವಿಚಾರವೇ ಕೃತಿಯಾದವರ ಕಥೆ ಬೇರೆ. ಬಾಲ್ಯದಲ್ಲಿ ಸಿಡುಬಿನಿಂದ ದೃಷ್ಟಿ ಕಳೆದುಕೊಂಡ ಅಬುಲ್ ಅಲಾ ಅಲ್‌ಮಅರ್ರೀ ತಮ್ಮ ಕೃತಿಗಳನ್ನು ಹೇಳಿಯೇ ಬರೆಸಿದರು. ಕಳೆದ ಶತಮಾನದಲ್ಲಿ ಈಜಿಪ್ಟಿನ ತಾಹಾ ಹುಸೈನ್ ತಮ್ಮ ಆತ್ಮಕಥೆ 'ಅಲ್ ಅಯ್ಯಾಮ್' ಬರೆಸಿದ್ದೂ ಹಾಗೆಯೇ.

ಇವರೆಲ್ಲರಿಗಿಂತ ನನ್ನ ಮನಸ್ಸು ಮತ್ತೆಮತ್ತೆ ಹೋಗುವುದು ಶಂಸುಲ್ ಅಇಮ್ಮಾ ಸರಖ್ಸೀಯವರ ಬಳಿಗೆ. ಹನಫೀ ಫಿಕ್ಹ್ ಓದಿದವರಿಗೆ 'ಅಲ್ ಮಬ್ಸೂತ್' ಗೊತ್ತಿರುತ್ತದೆ. ಮುದ್ರಣದಲ್ಲಿ ಅದು 30 ಭಾಗಗಳು. ಆಡಳಿತಗಾರನಿಗೆ ಹಿತವಚನ ಹೇಳಿದ್ದಕ್ಕೆ ಅವರನ್ನು ಊಝ್ಜಂದ್ ಪಟ್ಟಣದಲ್ಲಿ, ಇಂದಿನ ಕಿರ್ಗಿಸ್ತಾನದ ಉಝ್ಗೆನ್‌ನಲ್ಲಿ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿಡಲಾಯಿತು. ಅದು ಬಾವಿಯಂಥ ಗುಂಡಿ ಎಂದು ಜೀವನಚರಿತ್ರೆಕಾರರು ಬರೆದಿದ್ದಾರೆ. ಗ್ರಂಥಾಲಯ ಹತ್ತಿರವಿಲ್ಲ. ಶಿಷ್ಯರು ಕೇಳಿಕೊಂಡರು, ಅವರು ಒಪ್ಪಿದರು. ಕೆಳಗಿನಿಂದ ಅವರು ನೆನಪಿನಿಂದ ಹೇಳುತ್ತಿದ್ದರು, ಗುಂಡಿಯ ಬಾಯಿಯ ಬಳಿ ಕುಳಿತ ಶಿಷ್ಯರು ಬರೆಯುತ್ತಿದ್ದರು. ನಮಾಝ್, ಝಕಾತ್, ತಲಾಕ್, ವ್ಯಾಪಾರ ಎಂದು ಒಂದೊಂದೇ ವಿಷಯ ಮುಗಿಯುತ್ತಾ ಹೋಯಿತು. ಕೆಲವು ಅಧ್ಯಾಯಗಳ ಕೊನೆಯಲ್ಲಿ, ಇದನ್ನು ಬರೆಸಿದವನು ಸೆರೆಯಲ್ಲಿದ್ದಾನೆ ಎಂಬ ಸೂಚನೆಯನ್ನೂ ಸೇರಿಸಿದ್ದಾರೆ. ಶುಷ್ಕವಾದ ಕಾನೂನು ಚರ್ಚೆಯ ನಡುವೆ ಥಟ್ಟನೆ ಕೇಳುವ ಮನುಷ್ಯನ ಧ್ವನಿ ಅದು.

ಇಮಾಮ್ ಮುಹಮ್ಮದ್ ಶೈಬಾನಿಯವರ 'ಅಸ್ಸಿಯರುಲ್ ಕಬೀರ್'ಗೆ ವ್ಯಾಖ್ಯಾನವನ್ನೂ ಅವರು ಸೆರೆಯಲ್ಲೇ ಆರಂಭಿಸಿದ್ದರು. ಅದು ಮುಗಿಯುವ ಮೊದಲೇ, ಹಿಜರಿ 480ರಲ್ಲಿ, ಬಿಡುಗಡೆಯಾಯಿತು. ಅಲ್ಲಿಂದ ಫರ್ಗಾನಾ ಪ್ರದೇಶದ ಮರ್ಗೀನಾನ್‌ಗೆ ಹೋದ ಸರಖ್ಸೀ, ಉಳಿದ ಭಾಗವನ್ನು ಶಿಷ್ಯರಿಗೆ ಹೇಳಿ ಬರೆಸಿದರು.