ಎದೆಗೂಡಿನ ಹೊರಗೊಂದು ಶ್ವಾಸಕೋಶ

ಮೈಸೂರಿನ ಅಶೋಕಪುರಂ ನಿಲ್ದಾಣ ಬಿಟ್ಟ ರೈಲು ಕಡಕೊಳ, ನಂಜನಗೂಡು ಹಾದು ಚಾಮರಾಜನಗರ ಸೇರುತ್ತದೆ. ದಾರಿ ದೂರದ್ದೇನೂ ಅಲ್ಲ, ಸುಮಾರು 60 ಕಿಲೋಮೀಟರ್. ಆದರೆ 2021ರ ಮೇ 2ರ ರಾತ್ರಿ ಈ ದೂರವೇ ಜೀವ ಮರಣದ ಅಂತರವಾಯಿತು. ಆಮ್ಲಜನಕದ ಸಿಲಿಂಡರ್‌ಗಳಿಗಾಗಿ ಮೈಸೂರನ್ನು ನೆಚ್ಚಿಕೊಂಡಿದ್ದ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ದಾಸ್ತಾನು ಮುಗಿಯಿತು. ಒಂದು ದಿನದ ಅವಧಿಯಲ್ಲಿ 24 ರೋಗಿಗಳು ಸತ್ತರು.

ಅದೇ ಕೋವಿಡ್ ಕಾಲದಲ್ಲಿ ನಮ್ಮ ಜನರ ಬಾಯಿಗೆ ಒಂದು ಹೊಸ ಪದವೂ ಬಂತು. ಅದು ‘ಎಕ್ಮೊ’. ಕನ್ನಡಿಗರು ತಮ್ಮವರೆಂದೇ ತಿಳಿದಿದ್ದ ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ 2020ರ ಆಗಸ್ಟ್‌ನಲ್ಲಿ ಚೆನ್ನೈನ ಆಸ್ಪತ್ರೆಗೆ ದಾಖಲಾದರು. ವೆಂಟಿಲೇಟರ್ ಜತೆಗೆ ಎಕ್ಮೊ ಯಂತ್ರದ ನೆರವನ್ನೂ ಅವರಿಗೆ ನೀಡಲಾಯಿತು. ವಾರಗಟ್ಟಲೆ ಹೋರಾಡಿ ಸೆಪ್ಟೆಂಬರ್ 25ರಂದು ಅವರು ತೀರಿಕೊಂಡರು. ಉಸಿರನ್ನೇ ಸ್ವರವಾಗಿಸಿದ್ದವರ ಪರವಾಗಿ ಉಸಿರಾಡಿದ ಆ ಯಂತ್ರ ಯಾವುದು?

ವೆಂಟಿಲೇಟರ್ ಗಾಳಿಯನ್ನು ಶ್ವಾಸಕೋಶದೊಳಕ್ಕೆ ತಳ್ಳುತ್ತದೆ. ಆದರೆ ಶ್ವಾಸಕೋಶವೇ ನೀರು ತುಂಬಿ ಗಟ್ಟಿಯಾಗಿದ್ದರೆ ತಳ್ಳಿಯೂ ಫಲವಿಲ್ಲ. ಎಕ್ಮೊ ಬೇರೆ ದಾರಿ ಹಿಡಿಯುತ್ತದೆ. ತೊಡೆಯ ಸಂದಿಯ ಅಥವಾ ಕುತ್ತಿಗೆಯ ದೊಡ್ಡ ರಕ್ತನಾಳದಿಂದ ರಕ್ತವನ್ನು ಹೊರಗೆಳೆದು ಪಂಪಿನ ಮೂಲಕ ಕೃತಕ ಶ್ವಾಸಕೋಶಕ್ಕೆ ಕಳುಹಿಸುತ್ತದೆ. ಅಲ್ಲಿ ಕೂದಲೆಳೆಯಂಥ ಸಾವಿರಾರು ಟೊಳ್ಳು ನಳಿಕೆಗಳಿವೆ. ನಳಿಕೆಯ ಒಳಗೆ ಆಮ್ಲಜನಕ, ಹೊರಗೆ ರಕ್ತ. ನಡುವಿನ ತೆಳುಪೊರೆಯ ಮೂಲಕ ಆಮ್ಲಜನಕ ರಕ್ತ ಸೇರುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಕಪ್ಪಾಗಿ ಹೋದ ರಕ್ತ ಕೆಂಪಾಗಿ ಮರಳುತ್ತದೆ.

ಈ ಕಲ್ಪನೆಯ ಹಿಂದೆ ಒಂದು ಸಾವಿದೆ. 1931ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ, ಶ್ವಾಸಕೋಶದ ರಕ್ತನಾಳ ಕಟ್ಟಿಕೊಂಡಿದ್ದ ರೋಗಿಯೊಬ್ಬಳ ಪಕ್ಕದಲ್ಲಿ ಯುವ ವೈದ್ಯ ಜಾನ್ ಗಿಬ್ಬನ್ ರಾತ್ರಿಯಿಡೀ ಕುಳಿತಿದ್ದರು. ಆಕೆಯ ರಕ್ತವನ್ನು ಹೊರಗೇ ಶುದ್ಧಗೊಳಿಸಿ ಒಳಗೆ ಬಿಡುವಂತಿದ್ದರೆ ಎಂಬ ಯೋಚನೆ ಅವರನ್ನು ಬಿಡಲಿಲ್ಲ. 22 ವರ್ಷಗಳ ಬಳಿಕ, 1953ರ ಮೇ 6ರಂದು, ಫಿಲಡೆಲ್ಫಿಯಾದಲ್ಲಿ ಅವರ ಯಂತ್ರ 18 ವರ್ಷದ ಯುವತಿಯೊಬ್ಬಳ ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು 26 ನಿಮಿಷ ನಿರ್ವಹಿಸಿತು. ಅಷ್ಟರಲ್ಲಿ ಗಿಬ್ಬನ್ ಆಕೆಯ ಹೃದಯದ ರಂಧ್ರವನ್ನು ಹೊಲಿದರು.

ಆದರೆ ಆಮ್ಲಜನಕ ನೇರವಾಗಿ ತಾಗುವ ಇಂಥ ಯಂತ್ರಗಳಲ್ಲಿ ಹೆಚ್ಚು ಹೊತ್ತು ಸುತ್ತಿದರೆ ರಕ್ತ ಹಾಳಾಗುತ್ತಿತ್ತು. ತಡೆಗೋಡೆಯಾಗಿ ತೆಳುಪೊರೆ ಬಂದ ಮೇಲಷ್ಟೆ ದಿನಗಟ್ಟಲೆ ನಡೆಸುವುದು ಸಾಧ್ಯವಾಯಿತು. 1971ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡೊನಾಲ್ಡ್ ಹಿಲ್ ಮತ್ತು ಸಂಗಡಿಗರು, ಅಪಘಾತದಲ್ಲಿ ಗಾಯಗೊಂಡಿದ್ದ 24 ವರ್ಷದ ಯುವಕನನ್ನು ಮೂರು ದಿನ ಯಂತ್ರದ ಮೇಲಿಟ್ಟು ಬದುಕಿಸಿದರು. 1975ರಲ್ಲಿ ರಾಬರ್ಟ್ ಬಾರ್ಟ್‌ಲೆಟ್ ನವಜಾತ ಶಿಶುವೊಂದನ್ನು ಉಳಿಸಿದರು. ದಾದಿಯರು ಆ ಮಗುವನ್ನು ‘ಎಸ್ಪೆರಾಂಜಾ’ ಎಂದು ಕರೆದರು. ಸ್ಪ್ಯಾನಿಷ್ ಭಾಷೆಯಲ್ಲಿ ಅದಕ್ಕೆ ‘ಭರವಸೆ’ ಎಂದರ್ಥ.

ಭರವಸೆ ಬಹುಕಾಲ ನಿಲ್ಲಲಿಲ್ಲ. 1979ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 90 ರೋಗಿಗಳಿದ್ದರು. ಎಕ್ಮೊ ಪಡೆದವರಲ್ಲೂ ಪಡೆಯದವರಲ್ಲೂ ಬದುಕಿದವರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ವಯಸ್ಕರ ಮಟ್ಟಿಗೆ ವಿಧಾನ ಮೂಲೆ ಸೇರಿತು. 2009ರಲ್ಲಿ ಬ್ರಿಟನ್ನಿನ ಅಧ್ಯಯನ ಬೇರೆ ಚಿತ್ರ ಕೊಟ್ಟಿತು. ಎಕ್ಮೊ ಪರಿಣತಿಯ ಕೇಂದ್ರಕ್ಕೆ ಕಳುಹಿಸಲಾದವರಲ್ಲಿ ಆರು ತಿಂಗಳ ಬಳಿಕ ತೀವ್ರ ಅಂಗವೈಕಲ್ಯವಿಲ್ಲದೆ ಬದುಕಿದ್ದವರು ಶೇ 63, ಉಳಿದವರಲ್ಲಿ ಶೇ 47. ಅದೇ ವರ್ಷ ಎಚ್1ಎನ್1 ಜ್ವರ ಹಬ್ಬಿದಾಗ ಹಲವು ದೇಶಗಳು ಈ ಯಂತ್ರದತ್ತ ಮತ್ತೆ ತಿರುಗಿದವು.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ಎಕ್ಮೊ ರೋಗವನ್ನು ಗುಣಪಡಿಸುವುದಿಲ್ಲ. ರೈಲ್ವೆ ಕಾರ್ಯಾಗಾರವಿರುವ ಅಶೋಕಪುರಂನವರಿಗೆ ಹೇಳುವುದಾದರೆ, ಕೆಟ್ಟ ಎಂಜಿನ್ ದುರಸ್ತಿಯಾಗುವವರೆಗೆ ಇನ್ನೊಂದು ಎಂಜಿನ್ ಗಾಡಿ ಎಳೆದ ಹಾಗೆ. ದುರಸ್ತಿ ದೇಹವೇ ಮಾಡಿಕೊಳ್ಳಬೇಕು. ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಟ್ಟರೆ ರಕ್ತಸ್ರಾವದ ಭಯ, ಕೊಡದಿದ್ದರೆ ಕೊಳವೆ ಕಟ್ಟಿಕೊಳ್ಳುವ ಭಯ. ಹಗಲಿರುಳು ಕಾಯುವ ನುರಿತ ಸಿಬ್ಬಂದಿ ಬೇಕು. ಖರ್ಚು ಲಕ್ಷಗಳಲ್ಲಿ.

ಶ್ವಾಸಕೋಶದ ರೋಗಕ್ಕೆ ಮೈಸೂರು ಹೊಸದಲ್ಲ. ಕ್ಷಯಕ್ಕೆ ತುತ್ತಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಇಲ್ಲಿ 1921ರಲ್ಲಿ ಕ್ಷಯರೋಗ ಆಸ್ಪತ್ರೆ ಆರಂಭವಾಯಿತು. ಔಷಧವಿಲ್ಲದ ಆ ಕಾಲದಲ್ಲಿ ಇಂಥ ಆಸ್ಪತ್ರೆಗಳ ಚಿಕಿತ್ಸೆಯೆಂದರೆ ಒಳ್ಳೆಯ ಗಾಳಿ, ಬಿಸಿಲು, ಆಹಾರ, ವಿಶ್ರಾಂತಿ. ಅರಮನೆಯವರಿಗೂ ಅದಕ್ಕಿಂತ ಹೆಚ್ಚಿನದು ಸಿಗುತ್ತಿರಲಿಲ್ಲ.

ಇಂದು ಹಾಗಿಲ್ಲ. ಒಬ್ಬರಿಗೆ ಎಕ್ಮೊ ಸಿಗುವ ಕಾಲದಲ್ಲೇ ಇನ್ನೊಬ್ಬರಿಗೆ ಸಿಲಿಂಡರ್ ಸಿಗದೆ ಹೋಗಬಹುದೆಂದು ಚಾಮರಾಜನಗರ ತೋರಿಸಿತು. ಆ ದುರಂತದ ಒಂದು ವಾರದ ಬಳಿಕ, 2021ರ ಮೇ 11ರಂದು, ರಾಜ್ಯದ ಮೊದಲ ಆಕ್ಸಿಜನ್ ಎಕ್ಸ್‌ಪ್ರೆಸ್ 120 ಟನ್ ಆಮ್ಲಜನಕ ಹೊತ್ತು ಬೆಂಗಳೂರಿನ ವೈಟ್‌ಫೀಲ್ಡ್ ತಲುಪಿತು. ಎಕ್ಮೊ ಯಂತ್ರವೂ ಅಂತಿಮವಾಗಿ ಆಮ್ಲಜನಕವನ್ನೇ ಬೇಡುತ್ತದೆ. ಅದರ ಪೂರೈಕೆ ನಿಂತರೆ ಲಕ್ಷಾಂತರ ರೂಪಾಯಿಯ ಆ ಶ್ವಾಸಕೋಶದ ಉಸಿರೂ ನಿಲ್ಲುತ್ತದೆ.