ನಕ್ಷತ್ರಕ್ಕಿಂತ ಮೊದಲು ರಸ್ತೆ

2024ರ ಏಪ್ರಿಲ್‌ನಲ್ಲಿ ಮಿಷೆಲಿನ್ ಗೈಡ್ ಫ್ರಾನ್ಸಿನ ವಸತಿಗೃಹಗಳಿಗೆ ಮೊದಲ ಬಾರಿಗೆ ‘ಕೀ’ಗಳನ್ನು ಕೊಟ್ಟಿತು. ರೆಸ್ಟೋರೆಂಟುಗಳಿಗೆ ನಕ್ಷತ್ರವಿದ್ದಂತೆ ತಂಗುವ ಜಾಗಗಳಿಗೆ ಒಂದರಿಂದ ಮೂರು ಕೀಲಿಕೈ. ರುಚಿಯ ತೀರ್ಪುಗಾರರು ತಮಗೆ ಸಂಬಂಧಿಸದ ವ್ಯಾಪಾರಕ್ಕೆ ಕೈಹಾಕಿದರು ಎಂದು ಇದನ್ನು ಕಂಡವರಿಗೆ ಅನ್ನಿಸುವುದು ಸಹಜ. ಚರಿತ್ರೆ ಹೇಳುವುದು ಬೇರೆ. ಈ ಪುಸ್ತಕ ಹುಟ್ಟಿದ್ದೇ ಪ್ರಯಾಣಕ್ಕಾಗಿ. ಊಟ ಅದರೊಳಗೆ ಬಂದು ಸೇರಿದ್ದು ಆಮೇಲೆ. ಅಲ್ಲಿ ನಿಜವಾಗಿ ಬದಲಾಗಿರುವುದು ವಿಷಯವಲ್ಲ, ಹಣ ಬರುವ ದಾರಿ. ನಾವು ಎಚ್ಚರದಿಂದ ನೋಡಬೇಕಾದದ್ದು ಅದನ್ನು.

ಕ್ಲೆರ್ಮಾನ್-ಫೆರಾನ್ ಊರಿನ ಟೈರ್ ತಯಾರಕರಾದ ಆಂದ್ರೆ ಮತ್ತು ಎದುವಾರ್ ಮಿಷೆಲಿನ್ ಸೋದರರು 1900ರಲ್ಲಿ, ಪ್ಯಾರಿಸ್ಸಿನ ವಿಶ್ವ ಪ್ರದರ್ಶನದ ವರ್ಷದಲ್ಲಿ, ಮೊದಲ ಗೈಡ್ ಹೊರತಂದರು. ಆಗ ಇಡೀ ಫ್ರಾನ್ಸಿನಲ್ಲಿದ್ದ ಕಾರುಗಳು ಸುಮಾರು 3,000. ಅಚ್ಚಾದ ಪ್ರತಿಗಳು 35,000ದಷ್ಟು, ಅದೂ ಉಚಿತ. ಟೈರ್ ಬದಲಿಸುವುದು ಹೇಗೆ, ಪೆಟ್ರೋಲ್ ಎಲ್ಲಿ ಸಿಗುತ್ತದೆ, ಯಾವ ಊರಿನಲ್ಲಿ ಮೆಕ್ಯಾನಿಕ್ ಇದ್ದಾನೆ, ರಾತ್ರಿ ಎಲ್ಲಿ ಮಲಗಬಹುದು ಎಂಬುದೇ ಅದರ ಹೂರಣ. ಜನ ದೂರ ಹೋದಷ್ಟೂ ಟೈರ್ ಸವೆಯುತ್ತದೆ, ಸವೆದಷ್ಟೂ ಮಾರಾಟ. ಲೆಕ್ಕ ಸರಳವಾಗಿತ್ತು, ಬಚ್ಚಿಟ್ಟದ್ದೂ ಅಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಗೈಡಿಗೆ ಏಳು ಫ್ರಾಂಕ್ ಬೆಲೆ ಇಟ್ಟು ಹಣ ಪಡೆದ ಜಾಹೀರಾತುಗಳನ್ನು ಕೈಬಿಟ್ಟರು. 1926ರಲ್ಲಿ ಒಳ್ಳೆಯ ಊಟಕ್ಕೆ ನಕ್ಷತ್ರ ಬಂತು. ಅದೇ ವರ್ಷ ಬ್ರಿತಾನಿ ಪ್ರಾಂತ್ಯದ ಪ್ರವಾಸಿ ಕೈಪಿಡಿಯೂ ಬಂತು, ಮುಂದೆ ಹಸಿರು ಗೈಡುಗಳ ಮಾಲೆಯಾಗಿ ಬೆಳೆದದ್ದು ಅದೇ. 1931ರ ಹೊತ್ತಿಗೆ ನಕ್ಷತ್ರಗಳು ಒಂದು, ಎರಡು, ಮೂರು ಎಂದು ಏರಿದವು. ಅವುಗಳಿಗೆ ಕೊಟ್ಟ ಅರ್ಥವನ್ನು ಗಮನಿಸಬೇಕು: ಎರಡು ನಕ್ಷತ್ರವಿದ್ದರೆ ದಾರಿ ಬಿಟ್ಟು ಬಳಸಿ ಹೋಗಬಹುದು, ಮೂರಿದ್ದರೆ ಅದಕ್ಕಾಗಿಯೇ ಪ್ರಯಾಣ ಹೊರಡಬಹುದು. ಅಡುಗೆಯ ಶ್ರೇಷ್ಠತೆಯನ್ನು ಕೂಡ ಅವರು ಅಳೆದದ್ದು ದಾರಿಯ ಅಳತೆಗೋಲಿನಿಂದ. 1944ರಲ್ಲಿ ನಾರ್ಮಂಡಿಯಲ್ಲಿ ಇಳಿಯಲಿದ್ದ ಮಿತ್ರಪಡೆಗಳಿಗಾಗಿ ಅಮೆರಿಕದಲ್ಲಿ 1939ರ ಗೈಡನ್ನು ಮರುಮುದ್ರಿಸಿದರು. ಸೇನೆಗೆ ಬೇಕಿದ್ದದ್ದು ಊಟದ ಪಟ್ಟಿಯಲ್ಲ, ಅದರೊಳಗಿದ್ದ ಊರೂರಿನ ನಿಖರ ನಕಾಶೆ.

ಆದ್ದರಿಂದ ಕೀಲಿಕೈಯನ್ನು ಗೈಡು ತನ್ನ ಮೂಲಕ್ಕೆ ಮರಳಿದ ಗುರುತೆಂದೇ ನಾನು ಎಣಿಸುತ್ತೇನೆ. ಫೋನಿನಲ್ಲಿ ಲಕ್ಷಾಂತರ ಜನರ ವಿಮರ್ಶೆ ಸಿಗುವಾಗ ಇಂಥ ಗೈಡೇ ಬೇಡವಲ್ಲ ಎಂಬ ಮಾತೂ ಇದೆ. ಅದನ್ನು ಒಪ್ಪಲಾರೆ. ಯಾರು ಬರೆದರು, ಯಾಕೆ ಬರೆದರು ಎಂದು ತಿಳಿಯದ ಮಾತುಗಳ ನಡುವೆ, ಹೆಸರು ಹೇಳದೆ ಹೋಗಿ, ತಿಂದದ್ದಕ್ಕೆ ತಾವೇ ದುಡ್ಡು ಕೊಟ್ಟು ಎದ್ದುಬರುವ ತರಬೇತಾದ ಪರೀಕ್ಷಕರ ಬೆಲೆ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಆದರೆ ಈ ಬೆಲೆ ನಿಂತಿರುವುದು ಅವರು ಯಾರ ಹಂಗಿನಲ್ಲೂ ಇಲ್ಲ ಎಂಬ ನಂಬಿಕೆಯ ಮೇಲೆ. ಪುಸ್ತಕ ಕೊಳ್ಳುವವರು ಕಡಿಮೆಯಾದ ಕಾಲದಲ್ಲಿ ಆ ನಂಬಿಕೆಗೆ ಹಣ ಒದಗಿಸುವವರು ಯಾರು? 2017ರಲ್ಲಿ ಬ್ಯಾಂಕಾಕ್ ಆವೃತ್ತಿ ಬಂದಾಗ ಥಾಯ್ಲೆಂಡಿನ ಪ್ರವಾಸೋದ್ಯಮ ಇಲಾಖೆ ಐದು ವರ್ಷಕ್ಕೆ 14.4 ಕೋಟಿ ಬಾತ್ ಕೊಡಲು ಒಪ್ಪಿತ್ತು. 2019ರಲ್ಲಿ ಇಡೀ ರಾಜ್ಯದ ಗೈಡ್ ಬರಲೆಂದು ಕ್ಯಾಲಿಫೋರ್ನಿಯದ ಪ್ರವಾಸೋದ್ಯಮ ಸಂಸ್ಥೆ ಕೊಟ್ಟದ್ದು 6 ಲಕ್ಷ ಡಾಲರ್. 2018ರಲ್ಲಿ ಕೋಣೆ ಕಾಯ್ದಿರಿಸುವ ಟ್ಯಾಬ್ಲೆಟ್ ಹೋಟೆಲ್ಸ್ ಸಂಸ್ಥೆಯನ್ನೇ ಮಿಷೆಲಿನ್ ಕೊಂಡುಕೊಂಡಿತು.

ಇದರಲ್ಲಿ ಹೊಸದೇನು, ಮೊದಲಿನಿಂದಲೂ ಅದು ಟೈರ್ ಕಂಪನಿಯ ಜಾಹೀರಾತೇ ತಾನೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು, ಆದರೆ ಎರಡೂ ಹಿತಾಸಕ್ತಿಗಳು ಒಂದೇ ಬಗೆಯವಲ್ಲ. ಪ್ರಯಾಣಿಕ ಲಿಯೋನ್‌ಗೆ ಹೋದರೂ ಮಾರ್ಸೆಗೆ ಹೋದರೂ ಟೈರ್ ಒಂದೇ ರೀತಿ ಸವೆಯುತ್ತದೆ. ಇಂಥ ಊರನ್ನೇ, ಇಂಥ ಮನೆಯನ್ನೇ ಹೊಗಳಬೇಕೆಂಬ ಒತ್ತಡ ಟೈರ್ ಮಾರುವವನಿಗೆ ಇರಲಿಲ್ಲ. ಪ್ರವಾಸೋದ್ಯಮ ಇಲಾಖೆಗೆ ತನ್ನ ಊರೇ ಬೇಕು, ಬುಕಿಂಗ್ ವ್ಯವಹಾರಕ್ಕೆ ತನ್ನ ಪಟ್ಟಿಯ ಕೋಣೆಗಳೇ ತುಂಬಬೇಕು. ಹಣ ಕೊಟ್ಟವರು ನಕ್ಷತ್ರಗಳನ್ನು ತೀರ್ಮಾನಿಸುವುದಿಲ್ಲ ಎಂದು ಮಿಷೆಲಿನ್ ಹೇಳುತ್ತದೆ. ಅದನ್ನು ಪೂರಾ ನಂಬೋಣ. ಆಗಲೂ, ಪರೀಕ್ಷಕರು ಯಾವ ನೆಲಕ್ಕೆ ಕಾಲಿಡುತ್ತಾರೆ ಎಂಬುದರಲ್ಲಿ ಹಣಕ್ಕೆ ಪಾಲಿದೆ. ಬೆಂಗಳೂರಿನ ‘ಕರಾವಳಿ’ ರೆಸ್ಟೋರೆಂಟಿನ ಅಡುಗೆಮನೆ ನಡೆಸಿದ್ದ ಶ್ರೀರಾಮ್ ಐಲೂರು ಲಂಡನ್ನಿನ ‘ಕ್ವಿಲಾನ್’ಗೆ 2008ರಲ್ಲಿ ನಕ್ಷತ್ರ ಗಳಿಸಿಕೊಟ್ಟರು. ಪಡುವಣ ಕಡಲಂಚಿನ ಅದೇ ಅಡುಗೆ ಬೆಂಗಳೂರಿನಲ್ಲಿ ಎಷ್ಟೇ ಚೆನ್ನಾಗಿದ್ದರೂ ಆ ಗೌರವ ಸಿಗುವಂತಿರಲಿಲ್ಲ, ಏಕೆಂದರೆ ಗೈಡಿನ ನಕಾಶೆ ಅಲ್ಲಿಗೆ ಮುಟ್ಟಿರಲಿಲ್ಲ. ನಕಾಶೆಯ ಗೆರೆಯನ್ನು ಹಿಂದೆ ಎಳೆಯುತ್ತಿದ್ದದ್ದು ಕಾರು ಓಡುವ ರಸ್ತೆ. ಈಗ ಅದರಲ್ಲಿ ಸರ್ಕಾರಗಳ ಬಜೆಟ್ಟಿಗೂ ಕೈಯಿದೆ. ಹಾಗಾಗಿ, ಆಯಾ ಊರಿನ ಪಟ್ಟಿ ತೆರೆಯುವ ಪುಟದಲ್ಲಿಯೇ, ನಕ್ಷತ್ರ ಮತ್ತು ಕೀಲಿಕೈಗಳ ಪಕ್ಕದಲ್ಲಿ, ಆ ಗೈಡನ್ನು ಅಲ್ಲಿಗೆ ಕರೆತರಲು ಯಾರು ಎಷ್ಟು ಕೊಟ್ಟರು ಎಂಬುದನ್ನೂ ಮಿಷೆಲಿನ್ ಅಚ್ಚುಹಾಕಬೇಕು.